ಮೂರು ತಾಸಿನ ದಾರಿ

ರಾಯದುರ್ಗದಿಂದ ಮಡಕಶಿರಕ್ಕೆ ಹೋಗಬೇಕಾದರೆ ಎರಡು ಕಡೆ ಬಸ್ಸು ಬದಲಿಸಬೇಕು, ನಡುವೆ ಎರಡು ಸಲ ರಾಜ್ಯವನ್ನೇ ಬದಲಿಸಬೇಕು, ಆಂಧ್ರದಿಂದ ಕರ್ನಾಟಕಕ್ಕೆ, ಮತ್ತೆ ಆಂಧ್ರಕ್ಕೆ. ಕಲ್ಯಾಣದುರ್ಗದಲ್ಲಿ ಇಳಿದು ಕಾಯಬೇಕು, ಪಾವಗಡದಲ್ಲಿ ಇಳಿದು ಮತ್ತೆ ಕಾಯಬೇಕು. ಬೆಳಿಗ್ಗೆ ರೊಟ್ಟಿ ತಿಂದು ಹೊರಟವರು ಬೀಗರ ಮನೆ ಮುಟ್ಟುವಷ್ಟರಲ್ಲಿ ಅಲ್ಲಿ ಮಧ್ಯಾಹ್ನದ ಮುದ್ದೆಯೂ ಆಗಿಹೋಗಿರುತ್ತದೆ. ಆದರೆ ಒಮಾನ್ ದೇಶದ ಮಸ್ಕತ್ತಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಮೂರೇ ತಾಸು. ಎರಡು ಸಾವಿರಕ್ಕೂ ಮಿಕ್ಕಿದ ಕಿಲೋಮೀಟರು, ನಡುವೆ ಇಡೀ ಒಂದು ಸಮುದ್ರ, ಆದರೂ ಮೂರೇ ತಾಸು. ಎರಡೂ ಮನೆಯವರ ತಲೆ ಕೆಡಿಸಿದ್ದು ಈ ಲೆಕ್ಕವೇ.

ರಾಯದುರ್ಗದ ಮನೆ ಚಿನ್ನಕ್ಕನದು. ಪಡಸಾಲೆಯಲ್ಲಿ ಎರಡು ಮೆಷಿನ್ನು ಹಾಕಿಕೊಂಡು ಜೀನ್ಸ್ ಪ್ಯಾಂಟು ಹೊಲಿಯುತ್ತಾಳೆ. ಗಂಡ ಎರ್ರಿಸ್ವಾಮಿ ದಾರದ ತುದಿ ಕತ್ತರಿಸಿ ಇಸ್ತ್ರಿ ಹಾಕುತ್ತಾನೆ. ಹೆಂಡತಿ ಏನಾದರೂ ಹೇಳಿದರೆ ಹೌದು ಎನ್ನುತ್ತಾನೆ, ಬೀಗರು ಅದಕ್ಕೆ ವಿರುದ್ಧ ಹೇಳಿದರೆ ಅದಕ್ಕೂ ಹೌದು ಎನ್ನುತ್ತಾನೆ. ಹೀಗಾಗಿ ಆತನಿಗೆ ಲೋಕದಲ್ಲಿ ವೈರಿಗಳಿಲ್ಲ. ಇವರ ಒಬ್ಬಳೇ ಮಗಳು ಸಾಯಿಲಕ್ಷ್ಮಿಯನ್ನು ಮಡಕಶಿರದ ಬಸಲಿಂಗಮ್ಮನ ಮಗ ಗುರುಪ್ರಕಾಶನಿಗೆ ಕೊಟ್ಟಿತ್ತು. ಅವನು ಮಸ್ಕತ್ತಿನ ಒಂದು ಬಟ್ಟೆ ಅಂಗಡಿಯಲ್ಲಿ ಕಟಿಂಗ್ ಮಾಸ್ಟರು. ಅಲ್ಲಿನ ಗಂಡಸರು ತೊಡುವ ಕಾಲುದ್ದದ ಬಿಳಿ ಅಂಗಿ ಕತ್ತರಿಸುವುದರಲ್ಲಿ ಕೈ ಕುದುರಿದ ಮೇಲೆ ಹೆಂಡತಿಯನ್ನೂ ಕರೆಸಿಕೊಂಡಿದ್ದ. ಈಗ ಸಾಯಿಲಕ್ಷ್ಮಿ ಏಳು ತಿಂಗಳ ಬಸುರಿ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಬಸುರಿಯನ್ನು ತವರಿಗೆ ಕರೆತರುವುದು ಬೆಸ ತಿಂಗಳಲ್ಲಿ, ಏಳರಲ್ಲಿ ಇಲ್ಲವೇ ಒಂಬತ್ತರಲ್ಲಿ. ಎಂಟರಲ್ಲಿ ಹೊಸ್ತಿಲು ದಾಟಿಸಬಾರದು, ಅದರಲ್ಲೂ ಎರಡು ಮಾತಿಲ್ಲ. ಏಳು ಬಿದ್ದ ಹೊಸದರಲ್ಲೇ ಬಸಲಿಂಗಮ್ಮನ ಮೈದುನ ತೀರಿಕೊಂಡು ಸೂತಕ ಬಂತು. ಸೂತಕ ಕಳೆಯುವ ಹೊತ್ತಿಗೆ ಗುರುಪ್ರಕಾಶನ ಅಂಗಡಿಯಲ್ಲಿ ಹಬ್ಬದ ಹೊಲಿಗೆ ಶುರುವಾಗಿ ಅವನಿಗೆ ತಲೆ ಎತ್ತಲು ಬಿಡುವಿಲ್ಲ. ಅವಸರವೇನು, ಒಂಬತ್ತರಲ್ಲಿ ತಂದರಾಯಿತು ಎಂದು ಎಲ್ಲರೂ ಸಲೀಸಾಗಿ ಒಪ್ಪಿಕೊಂಡರು. ಮೂರು ತಾಸಿನ ದಾರಿ ತಾನೆ? ಪಕ್ಕದ ಊರು ಕಣೇಕಲ್ಲಿನಿಂದ ಬಸುರಿಯನ್ನು ಆಟೋದಲ್ಲಿ ಕುಲುಕಾಡಿಸಿಕೊಂಡು ತರುವುದಕ್ಕಿಂತ ಇದು ಎಷ್ಟೋ ಸುಖ ಎಂದು ಎರ್ರಿಸ್ವಾಮಿಯೂ ಹೇಳಿದ. ವಿಮಾನವೆಂದರೆ ಕೈ ಅಡ್ಡ ಹಿಡಿದರೆ ನಿಲ್ಲುವ ಬಸ್ಸು, ಬಸುರಿ ಬಂದರೆ ಯಾರಾದರೂ ಎದ್ದು ಸೀಟು ಬಿಡುತ್ತಾರೆ ಎಂದು ತಿಳಿದವರು ಮಾಡುವ ತಪ್ಪು ಇದು.

ತಪ್ಪು ಗೊತ್ತಾದದ್ದು ಸಿದ್ದರಾಮೇಶನ ಅಂಗಡಿಯಲ್ಲಿ. ಅವನು ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಇಟ್ಟುಕೊಂಡು ಊರಿನವರಿಗೆ ಆಧಾರ್, ಪಹಣಿ, ರೈಲು, ವಿಮಾನ ಎಲ್ಲವನ್ನೂ ಮಾಡಿಕೊಡುವವನು. ತಾನು ಮಾತ್ರ ಗುಂತಕಲ್ಲಿನಿಂದ ಆಚೆಗೆ ಹೋದವನಲ್ಲ. ಒಂಬತ್ತನೇ ತಿಂಗಳಿಗೆ ಟಿಕೆಟ್ಟು ನೋಡಪ್ಪ ಎಂದು ಚಿನ್ನಕ್ಕ ಕೇಳಲು ಹೋದಾಗ ಅವನು ಮಸ್ಕತ್ತಿಗೂ ಬೆಂಗಳೂರಿಗೂ ಇರುವ ದೂರ, ಹಾರುವ ಎತ್ತರ, ಹಿಡಿಯುವ ಹೊತ್ತು ಎಲ್ಲವನ್ನೂ ತಾನೇ ಗಾಡಿ ಹೊಡೆದುಕೊಂಡು ಬಂದವನಂತೆ ಒದರಿದ. ಆಮೇಲೆ ಪ್ರಯಾಣಿಕರು ಯಾರು ಎಂದು ಕೇಳಿ, ಬಸುರಿ ಎಂದು ಗೊತ್ತಾಗಿ, ಪರದೆಯ ಮೇಲೆ ಏನನ್ನೋ ಓದಿ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

"ಎಂಟು ತುಂಬಿದವರನ್ನ ಹತ್ತಿಸಂಗಿಲ್ಲಂತ್ರಿ ಅಕ್ಕಾ. ಡಾಕ್ಟರ್ ಚೀಟಿ ತಂದ್ರೂ ಇಲ್ಲಂತ."

ಚಿನ್ನಕ್ಕ ಮತ್ತೊಮ್ಮೆ ಓದಿಸಿದಳು. ಬೇರೆ ಕಂಪನಿಯ ವಿಮಾನ ನೋಡಿಸಿದಳು, ಅಲ್ಲೂ ಹೆಚ್ಚುಕಡಿಮೆ ಅದೇ ಮಾತು. ಏಳನೇ ತಿಂಗಳು ಮುಗಿಯಲು ಮೂರು ದಿನ ಉಳಿದಿತ್ತು. ಆ ಮೂರು ದಿನದಲ್ಲಿ ನೇರ ವಿಮಾನದಲ್ಲಿ ಒಂದು ಸೀಟೂ ಇರಲಿಲ್ಲ. ಇದ್ದದ್ದು ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿ ಒಂದು ರಾತ್ರಿ ಕುರ್ಚಿಯ ಮೇಲೆ ಕೂತು, ಮತ್ತೊಂದು ಹತ್ತಿ ಬರುವಂಥದ್ದು. ಬಸುರಿ ಹುಡುಗಿ ಒಬ್ಬಳೇ ಹಾಗೆ ಬರುವಂತಿಲ್ಲ. ನೇರ ವಿಮಾನ ಸಿಗುವುದು ಮುಂದಿನ ವಾರ. ಅಂದರೆ ಎಂಟು ಬಿದ್ದ ಮೇಲೆ.

ಏಳು ಕೈಬಿಟ್ಟಿತು, ಒಂಬತ್ತನ್ನು ಕಂಪನಿಯವರು ಕಿತ್ತುಕೊಂಡರು, ಉಳಿದದ್ದು ಎಂಟು. ಎಂಟನ್ನೂ ಬಿಟ್ಟರೆ ಮಗಳು ಅಲ್ಲೇ ಹೆರಬೇಕು. ಅಲ್ಲಿ ಆಸ್ಪತ್ರೆಗೇನೂ ಕೊರತೆಯಿಲ್ಲ, ಆದರೆ ಗುರುಪ್ರಕಾಶ ಬೆಳಿಗ್ಗೆ ಕತ್ತರಿ ಹಿಡಿದರೆ ಮನೆಗೆ ಬರುವುದು ಕತ್ತಲಾದ ಮೇಲೆ. ನೋವು ಬಂದಾಗ ಬೆನ್ನು ತಿಕ್ಕಲು ಯಾರಿದ್ದಾರೆ, ಬಾಣಂತಿಗೆ ನೀರೆರೆಯಲು ಯಾರಿದ್ದಾರೆ? ತಾನೇ ಹೋಗೋಣವೆಂದರೆ ಚಿನ್ನಕ್ಕನಿಗೆ ಪಾಸ್‌ಪೋರ್ಟು ಎಂಬುದೇ ಇಲ್ಲ. ಅದು ಕೈಗೆ ಬರುವಷ್ಟರಲ್ಲಿ ಕೂಸು ಅಂಬೆಗಾಲಿಡುತ್ತದೆ. ಸಾಯಿಲಕ್ಷ್ಮಿಯನ್ನು ಹೆರುವಾಗ ಅವಳು ತನ್ನ ತಾಯಿಯ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಆ ತಾಯಿಯ ಬಳೆ ಒಡೆದು ಇಬ್ಬರಿಗೂ ಗಾಯವಾಗಿತ್ತು. ತನ್ನ ಮಗಳು ಮಂಚದ ಕಬ್ಬಿಣ ಹಿಡಿದುಕೊಂಡು ಹೆರುವುದು ಚಿನ್ನಕ್ಕನಿಗೆ ಬೇಡವಾಗಿತ್ತು. ಎಂಟಾದರೆ ಎಂಟು, ಮಗಳನ್ನು ತಂದೇ ತರುತ್ತೇನೆ ಎಂದು ಅವಳು ಸಿದ್ದರಾಮೇಶನ ಅಂಗಡಿಯ ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿದಳು.

ಆದರೆ ಅವಳೊಬ್ಬಳು ತೀರ್ಮಾನಿಸಿದರೆ ಸಾಲದು. ಅಮ್ಮ ಹೂಂ ಅಂದರೆ ಈ ಕ್ಷಣವೇ ಟಿಕೆಟ್ಟು ಮಾಡಿಸುತ್ತೇನೆ ಎಂದ ಅಳಿಯ. ಬಸಲಿಂಗಮ್ಮ ಹೂಂ ಅನ್ನಲಿಲ್ಲ. "ಎಂಟ್ರಾಗೆ ಬ್ಯಾಡ" ಎಂದು ಫೋನು ಇಟ್ಟಳು. ಮತ್ತೆ ಮಾಡಿದರೆ ಮತ್ತೆ ಅದೇ. ಮೂರನೇ ಸಲ ಫೋನು ಎತ್ತಲೂ ಇಲ್ಲ.

ಫೋನಿನಲ್ಲಿ ಇಲ್ಲ ಎನ್ನುವುದು ಸುಲಭ, ಮುಖ ನೋಡಿಕೊಂಡು ಹೇಳಲಿ ನೋಡೋಣ ಎಂದು ಚಿನ್ನಕ್ಕ ಮರುದಿನ ಬೆಳಿಗ್ಗೆ ಅರ್ಧ ಹೊಲಿದ ಪ್ಯಾಂಟುಗಳನ್ನು ಮೆಷಿನ್ನಿನ ಮೇಲೇ ಬಿಟ್ಟು ಕಲ್ಯಾಣದುರ್ಗದ ಬಸ್ಸು ಹತ್ತಿದಳು. ಸ್ವಲ್ಪ ಸಮಾಧಾನದಿಂದ ಮಾತಾಡು ಎಂದ ಎರ್ರಿಸ್ವಾಮಿ. ಸಮಾಧಾನದಿಂದಲೇ ಮಾತಾಡ್ತೀನಿ, ಆದರೆ ಒಪ್ಪಿಸದೆ ಬರುವುದಿಲ್ಲ ಎಂದಳು. ಅದಕ್ಕೂ ಅವನು ಹೌದು ಎಂದ.

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡಳು. ಪಾವಗಡದಲ್ಲಿ ಕಾದು ಕಾದು ಸಾಕಾಗಿ, ಈ ಹೊತ್ತಿಗೆ ಮಸ್ಕತ್ತಿನಿಂದ ಹೊರಟವರು ಬೆಂಗಳೂರಿನಲ್ಲಿ ಕಾಫಿ ಕುಡಿಯುತ್ತಿರುತ್ತಾರೆ ಎಂದು ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೆ ಹೇಳಿದಳು. ಆ ಹೆಂಗಸು ಹೆದರಿ ಸ್ವಲ್ಪ ಸರಿದು ಕೂತಳು.

ಬಸಲಿಂಗಮ್ಮ ಮಾತಿಗೆ ಮುಂಚೆ ಊಟಕ್ಕೆ ಹಾಕಿದಳು. ಗಂಡನಿಲ್ಲದೆ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಗಟ್ಟಿ ಹೆಂಗಸು. ಮಡಕಶಿರದ ಕಡೆಯವರು ದೇವರನ್ನೂ ನೀನು ಎಂದೇ ಮಾತಾಡಿಸುವವರು, ರಾಯದುರ್ಗದವರು ಕರುವನ್ನು ಕಟ್ಟುವಾಗಲೂ 'ಬರ್ರಿ' ಎನ್ನುವವರು. ಬೀಗತಿಯ ನೀನು ತಾನು ಚಿನ್ನಕ್ಕನಿಗೆ ಎಂದೂ ಹಿಡಿಸಿರಲಿಲ್ಲ. ಈ ಹೊತ್ತು ಅದನ್ನೆಲ್ಲ ಮುದ್ದೆಯ ಜೊತೆ ನುಂಗಿದಳು. ಕೈ ತೊಳೆದ ಮೇಲೆ ಜೋಡಿಸಿಕೊಂಡು ಬಂದಿದ್ದೆಲ್ಲವನ್ನೂ ಹರವಿದಳು. ಮೂರು ತಾಸು, ಕುಲುಕಾಟವಿಲ್ಲ, ಹಳ್ಳದಿಣ್ಣೆಯಿಲ್ಲ, ಅಲ್ಲಿನ ಡಾಕ್ಟರಮ್ಮ ಧಾರಾಳವಾಗಿ ಹೋಗಬಹುದು ಎಂದಿದ್ದಾಳೆ, ಒಂಬತ್ತರಲ್ಲಿ ಹತ್ತಿಸುವುದೇ ಇಲ್ಲ. ಒಂದೊಂದಕ್ಕೂ ಬಸಲಿಂಗಮ್ಮನ ಉತ್ತರ ಒಂದೇ.

"ಎಂಟ್ರಾಗೆ ಬ್ಯಾಡ ಕಣಮ್ಮ."

"ಯಾಕ್ರಿ ಅಕ್ಕಾ? ಎಂಟರಾಗ ಏನಾಗ್ತೈತಿ, ಅದನ್ನರ ಹೇಳ್ರಿ."

ಹಿರಿಯರು ಹೇಳಿದ್ದಾರೆ ಎಂದು ಬಸಲಿಂಗಮ್ಮ ಗೋಡೆಯ ಕಡೆ ತಿರುಗಿದಳು. ಹಿರಿಯರು ವಿಮಾನ ನೋಡಿದ್ದರೇ ಎಂದು ಚಿನ್ನಕ್ಕ ಕೇಳಿದರೂ ಆಕೆ ಈ ಕಡೆ ತಿರುಗಲಿಲ್ಲ. ಹಟ, ಬರೀ ಹಟ ಎಂದು ಚಿನ್ನಕ್ಕನ ಮೈ ಉರಿಯಿತು. ಕೂತಲ್ಲೇ ಕಾಲು ಜೋಮು ಹಿಡಿದಿತ್ತು, ಏಳಲು ಆಸರೆಗೆಂದು ಮೂಲೆಯಲ್ಲಿದ್ದ ಒಂದು ಬಟ್ಟೆ ಗಂಟಿನ ಮೇಲೆ ಕೈಯೂರಲು ಹೋದಳು. ಬಸಲಿಂಗಮ್ಮ ಕೈ ಹಿಡಿದು ತಡೆದಳು. ಅದನ್ನು ಅಲುಗಿಸಬಾರದು, ಅದು ಆಚೆಮನೆ ದೊಡ್ಡಮಲ್ಲಪ್ಪನ ಪ್ರಸ್ಥಾನ ಎಂದಳು.

ಪ್ರಸ್ಥಾನವೆಂದರೆ ಆ ಕಡೆ ಈ ಕಡೆ ಎಲ್ಲರಿಗೂ ಗೊತ್ತಿರುವುದೇ. ಹೊರಡಲು ಒಳ್ಳೆಯ ದಿನ ಬಂದಿರುತ್ತದೆ, ಆದರೆ ಆ ದಿನ ಮನುಷ್ಯ ಹೊರಡುವಂತಿರುವುದಿಲ್ಲ. ಆಗ ಪ್ರಯಾಣದ ಬಟ್ಟೆಬರೆಯಲ್ಲಿ ಒಂದಿಷ್ಟನ್ನು ಅರಿಶಿನ, ಅಡಿಕೆಯ ಜೊತೆ ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟು ಹೊರಟಿತೆಂದರೆ ಪ್ರಯಾಣ ಶುರುವಾಯಿತು. ಆಮೇಲೆ ಅನುಕೂಲವಾದ ದಿನ ಅಲ್ಲಿಂದಲೇ ಅದನ್ನು ಎತ್ತಿಕೊಂಡು ಹೋಗುತ್ತಾರೆ. ಚಿನ್ನಕ್ಕನೂ ಎಷ್ಟೋ ಸಲ ಕಂಡದ್ದೇ. ಆದರೆ ಈಗ ಅವಳು ಆ ಗಂಟನ್ನೇ ನೋಡುತ್ತ ನಿಂತಳು.

"ದೊಡ್ಡಮಲ್ಲಪ್ಪ ಈಗೆಲ್ಲಿ ಅದಾರ್ರಿ?" ಎಂದು ಕೇಳಿದಳು.

"ಮನ್ಯಾಗವ್ನೆ. ಉಂಡು ಮಲಗಿರ್ತಾನೆ."

"ಹಂಗಾದ್ರ ಇನ್ನೂ ಹೊಂಟಿಲ್ಲ."

"ಹೊಂಟಂಗೇ ಲೆಕ್ಕ ಕಣಮ್ಮ. ಮೊನ್ನೆ ಸೋಮವಾರ್ವೇ ಸ್ರೀಸೈಲಕ್ಕೆ ಹೊಂಟ. ಗಂಟು ಹೊಸ್ಲು ದಾಟೈತಲ್ಲ."

"ನನ್ನ ಮಗಳು ಇನ್ನೂ ಏಳರಾಗ ಅದಾಳ್ರಿ ಅಕ್ಕಾ. ಅಕಿ ಗಂಟೂ ಇವತ್ತ ಹೊಸ್ತಿಲ ದಾಟ್ತೈತಿ."

ಬಸಲಿಂಗಮ್ಮ ಗಂಟಿನ ಕಡೆ ನೋಡಿದಳು. ತನ್ನ ಮನೆಯ ಮೂಲೆಯಲ್ಲೇ ಸಾಕ್ಷಿ ಕೂತಿದೆ, ಇಲ್ಲವೆನ್ನುವುದು ಹೇಗೆ? ದೊಡ್ಡಮಲ್ಲಪ್ಪ ಹೊರಟಿಲ್ಲ ಎಂದರೆ ನಾಳೆ ಅವನ ಯಾತ್ರೆಯೇ ಕೆಡುತ್ತದೆ. ಹೊರಟಿದ್ದಾನೆ ಎಂದರೆ ಸೊಸೆಯೂ ಹೊರಡಬಹುದು. ಸಮುದ್ರದಾಚೆ ಪ್ರಸ್ಥಾನ ಇಟ್ಟವರನ್ನು ಯಾರು ಕಂಡಿದ್ದಾರೆ ಎಂದು ಒಂದು ಮಾತು ಆಡಿ ನೋಡಿದಳು. ಇಡಬಾರದು ಎಂದವರನ್ನೂ ಯಾರೂ ಕಂಡಿಲ್ಲ ಎಂದಳು ಚಿನ್ನಕ್ಕ. ಬಸಲಿಂಗಮ್ಮ ಒಳಗೆ ಹೋಗಿ ಏನನ್ನೋ ಎತ್ತಿಟ್ಟು, ಏನೋ ಸದ್ದು ಮಾಡಿ, ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು.

ಒಪ್ಪಿದಳು, ಆದರೆ ಬಿಗಿಯಾಗಿ ಒಪ್ಪಿದಳು. ಗಂಟು ಇವತ್ತೇ ಹೊತ್ತು ಮುಳುಗುವುದರೊಳಗೆ ಹೋಗಬೇಕು. ಸಾಯಿಲಕ್ಷ್ಮಿ ತಾನೇ ಕೈಯಾರೆ ಇಟ್ಟು ಬರಬೇಕು. ಇಟ್ಟ ಮೇಲೆ ಅದೇನು ಮರೆತೆ ಇದೇನು ಮರೆತೆ ಎಂದು ವಾಪಸ್ಸು ತರಬಾರದು. ಕೊನೆಯದೊಂದು: ಪ್ರಸ್ಥಾನ ಇಟ್ಟವರು ಗಂಟನ್ನೆತ್ತಿದ ಮೇಲೆ ದಾರಿಯಲ್ಲಿ ತಮ್ಮದೇ ಇನ್ನೊಂದು ಮನೆ ಹೊಗುವಂತಿಲ್ಲ, ಹೊಕ್ಕರೆ ಪ್ರಯಾಣ ಅಲ್ಲಿಗೆ ಮುಗಿದಂತೆ. ಮತ್ತೆ ಹೊರಟರೆ ಅದು ಎಂಟರಲ್ಲಿ ಹೊರಟಂತೆ. ಹಾಗಾಗಿ ಬೆಂಗಳೂರಿನಿಂದ ಮಡಕಶಿರದ ಮೇಲೆಯೇ ಹೋದರೂ ಈ ಮನೆಯ ಹೊಸ್ತಿಲು ಮಾತ್ರ ಅವಳು ತುಳಿಯಕೂಡದು. ಇದನ್ನು ಹೇಳುವಾಗ ಬಸಲಿಂಗಮ್ಮನ ದನಿ ಸ್ವಲ್ಪ ಇಳಿಯಿತು. ಸೊಸೆಯ ಮುಖ ನೋಡಿ ವರ್ಷದ ಮೇಲಾಗಿತ್ತು. ಆದರೆ ಗೆದ್ದವರಿಗೆ ಎದುರಿನವರ ಮುಖ ನೋಡುವಷ್ಟು ವ್ಯವಧಾನ ಎಲ್ಲಿರುತ್ತದೆ? ಚಿನ್ನಕ್ಕ ಎಲ್ಲಕ್ಕೂ ಆಯ್ತು ಆಯ್ತು ಎನ್ನುತ್ತ ಆಗಲೇ ಮಗಳಿಗೆ ಫೋನು ಹಚ್ಚಿದ್ದಳು.

ಮಸ್ಕತ್ತಿನಲ್ಲಿ ಸಾಯಿಲಕ್ಷ್ಮಿಯ ಎದುರುಮನೆಯಲ್ಲಿ ಕಡಪದ ಕಡೆಯ ಸುನೀತಾ ಎಂಬ ನರ್ಸು ಇದ್ದಳು. ಆಕೆಗೆ ತೆಲುಗಿನಲ್ಲಿ ಎಷ್ಟು ಬಿಡಿಸಿ ಹೇಳಿದರೂ, ಬಂಗಾರವೇನಾದರೂ ಇದೆಯೇ, ಇದ್ದರೆ ನನ್ನ ಮೇಲೆ ಬರುತ್ತದೆ ಎಂದು ಒಂದೇ ಚಿಂತೆ. ಇರುವುದು ಎರಡು ಸೀರೆ, ಒಂದು ಟವೆಲ್ಲು, ಅರಿಶಿನದ ಕೊಂಬು ಎಂದು ಬಿಚ್ಚಿ ತೋರಿಸಿದ ಮೇಲೆ ಗಂಟನ್ನು ತೆಗೆದುಕೊಂಡು ಫ್ರಿಡ್ಜಿನ ಮೇಲೆ ಇಟ್ಟಳು. ಇಬ್ಬರು ಬೀಗತಿಯರೂ ಮಡಕಶಿರದಲ್ಲಿ ಕೂತು ಫೋನಿನ ಪರದೆಯಲ್ಲಿ ಅದನ್ನು ಕಣ್ಣಾರೆ ಕಂಡರು. ಇಲ್ಲಿ ಹೊತ್ತು ಮುಳುಗುವುದರಲ್ಲಿತ್ತು. ಅಲ್ಲಿ ಇನ್ನೂ ಬಿಸಿಲಿದೆ ಎಂದು ಸಾಯಿಲಕ್ಷ್ಮಿ ಹೇಳಿದಾಗ ಬಸಲಿಂಗಮ್ಮ ಅದೂ ಒಳ್ಳೆಯದೇ ಎಂದಳು. ಆ ರಾತ್ರಿಯೇ ಗುರುಪ್ರಕಾಶ ಮುಂದಿನ ವಾರದ ನೇರ ವಿಮಾನಕ್ಕೆ ಟಿಕೆಟ್ಟು ಮಾಡಿಸಿದ.

ಆ ವಾರ ಚಿನ್ನಕ್ಕ ಮೆಷಿನ್ನಿನ ಮುಂದೆ ಕೂತರೂ ಮನಸ್ಸು ಫ್ರಿಡ್ಜಿನ ಮೇಲೆಯೇ. ಸುನೀತಾ ಅದನ್ನು ಎತ್ತಿ ಬೇರೆ ಕಡೆ ಇಟ್ಟಳೇ, ಅಳಿಯ ಮರೆತು ವಾಪಸ್ಸು ತಂದನೇ ಎಂದು ದಿನಾ ಕೇಳುತ್ತಿದ್ದಳು. ಬಸಲಿಂಗಮ್ಮ ಮಾತ್ರ ಒಮ್ಮೆಯೂ ಫೋನು ಮಾಡಲಿಲ್ಲ. ಸೋತದ್ದಕ್ಕೆ ಸಿಟ್ಟು ಎಂದುಕೊಂಡಳು ಚಿನ್ನಕ್ಕ.

ವಿಮಾನ ಬರುವ ದಿನ ಅವಳು ರಾಮಾಂಜಿನೇಯನ ಜೀಪು ಗೊತ್ತು ಮಾಡಿಕೊಂಡು ಕೋಳಿ ಕೂಗುವ ಮುಂಚೆಯೇ ಹೊರಟಳು. ಎರ್ರಿಸ್ವಾಮಿ ನೀರಿನ ಹಂಡೆ ತೊಳೆದು, ಬಾಣಂತಿ ಕೋಣೆಗೆ ಸುಣ್ಣ ಬಳಿಯಲು ಮನೆಯಲ್ಲೇ ಉಳಿದ. ರಾಮಾಂಜಿನೇಯ ಒಳ್ಳೆಯ ಡ್ರೈವರು, ಮಾತು ಕಡಿಮೆ. ಆದರೆ ಹಿಂದಿನ ಸೀಟಿನಿಂದ 'ಬೇಗ ಹೋಗಪ್ಪ, ಬೇಗ' ಎಂಬ ಮಾತು ಬೆಂಗಳೂರಿನವರೆಗೂ ಅವನ ಬೆನ್ನಿಗೆ ಹತ್ತಿತ್ತು. ಕೂತರೆ ನಿಂತರೆ ಚಿನ್ನಕ್ಕನಿಗೆ ಒಂದೇ ಲೆಕ್ಕ. ಮಗಳು ವಿಮಾನ ಹತ್ತಿದಳು ಎಂದು ಅಳಿಯನ ಫೋನು ಬಂದಾಗ ಜೀಪು ಇನ್ನೂ ಹಿಂದೂಪುರವನ್ನೂ ದಾಟಿರಲಿಲ್ಲ. ಅವಳು ಸಮುದ್ರ ದಾಟಿ ಬಂದು ನಿಂತಿರುತ್ತಾಳೆ, ನಾವು ಇಲ್ಲೇ ರಸ್ತೆಯ ಹಂಪು ಎಣಿಸುತ್ತಿರುತ್ತೇವೆ ಎಂದು ಚಿನ್ನಕ್ಕ ಹಲುಬಿದಳು.

ಹಾಗೇನೂ ಆಗಲಿಲ್ಲ. ಹಾರಿ ಬರುವುದಷ್ಟೇ ಮೂರು ತಾಸು. ಇಳಿದು, ಸಾಲಿನಲ್ಲಿ ನಿಂತು, ಪೆಟ್ಟಿಗೆ ಹುಡುಕಿ ಹೊರಗೆ ಬರುವ ಹೊತ್ತನ್ನು ಸಿದ್ದರಾಮೇಶ ಹೇಳಿರಲಿಲ್ಲ. ವಿಮಾನ ನಿಲ್ದಾಣದ ಹೊರಗೆ ಕಂಬಿ ಹಿಡಿದು ನಿಂತ ಚಿನ್ನಕ್ಕನ ಕಾಲು ಸೋತವು. ಕಡೆಗೆ ಗಾಜಿನ ಬಾಗಿಲಿನಿಂದ ಸಾಯಿಲಕ್ಷ್ಮಿ ಹೊರಗೆ ಬಂದಳು. ನಡೆದುಕೊಂಡಲ್ಲ, ಗಾಲಿ ಕುರ್ಚಿಯಲ್ಲಿ. ಸಮವಸ್ತ್ರದ ಹುಡುಗಿಯೊಬ್ಬಳು ಹಿಂದಿನಿಂದ ತಳ್ಳುತ್ತಿದ್ದಳು. ಎಂಟು, ಎಂಟು, ಬಸಲಿಂಗಮ್ಮ ಹೇಳಿದ್ದೇ ಆಯಿತಲ್ಲ ಎಂದು ಚಿನ್ನಕ್ಕ ಕಂಬಿಯ ಕೆಳಗೇ ನುಸುಳಿ ಓಡಿದಳು, ಕಾವಲಿನವನು ಕೂಗಿದ್ದು ಕಿವಿಗೆ ಬೀಳಲಿಲ್ಲ. ಬಸುರಿಯರನ್ನು ನಡೆಸಬಾರದೆಂದು ಕಂಪನಿಯವರೇ ಹೀಗೆ ಕೂರಿಸುತ್ತಾರೆ ಎಂದು ಮಗಳು ನಗುತ್ತ ಹೇಳಿದ ಮೇಲೂ ಅವಳು ಕುರ್ಚಿಯ ಹಿಡಿ ಬಿಡಲಿಲ್ಲ. ಮಗಳ ತೊಡೆಯ ಮೇಲೆ ಅದೇ ಗಂಟು ಇತ್ತು.

ಗೌರಿಬಿದನೂರು ದಾಟುವುದರೊಳಗೆ ಸಾಯಿಲಕ್ಷ್ಮಿ ಅಮ್ಮನ ಭುಜಕ್ಕೆ ಒರಗಿ ನಿದ್ದೆ ಹೋದಳು. ಪಾದಗಳು ಊದಿಕೊಂಡಿದ್ದವು. ಬೇಗ ಹೋಗಪ್ಪ ಎಂದಳು ಚಿನ್ನಕ್ಕ, ಕತ್ತಲಾಗುವುದರೊಳಗೆ ಮನೆ ಮುಟ್ಟಿಸು. ಮಡಕಶಿರದಲ್ಲಿ ನಿಲ್ಲಿಸದೆ ಹೋದರೆ ಹೇಗೆ ಎಂಬ ಯೋಚನೆಯೂ ಅವಳಿಗೆ ಬಂದು ಹೋಯಿತು. ಮುದುಕಿ ಮನಸ್ಸು ಬದಲಿಸಿ, ಒಂದು ರಾತ್ರಿ ಇದ್ದು ಹೋಗಲಿ ಎಂದು ಹಟ ಹಿಡಿದರೆ? ಆದರೆ ಬೀಗತನದಲ್ಲಿ ಅಷ್ಟು ಅನ್ಯಾಯ ಮಾಡಲು ಬಾರದು. ಎರಡು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ ಎಂದು ಮನಸ್ಸಿನಲ್ಲೇ ಕಟ್ಟುನಿಟ್ಟು ಮಾಡಿಕೊಂಡಳು.

ಊರ ಹೊರಗೆ, ಪಾವಗಡದ ರಸ್ತೆ ತಿರುಗುವಲ್ಲಿ, ಮಗನಿಂದ ಹೊತ್ತು ತಿಳಿದುಕೊಂಡಿದ್ದ ಬಸಲಿಂಗಮ್ಮ ಹುಣಸೆ ಮರದ ಕೆಳಗೆ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ, ಸೀರೆಯ ಅಂಚೆಲ್ಲ ಧೂಳಾಗಿತ್ತು. ಜೀಪು ನಿಲ್ಲುತ್ತಲೇ ಎಚ್ಚರಗೊಂಡ ಸಾಯಿಲಕ್ಷ್ಮಿ 'ಅತ್ತೆ' ಎಂದು ಇಳಿಯಲು ಹೋದಳು. ಬಸಲಿಂಗಮ್ಮ ಅವಳ ಎರಡೂ ಮಂಡಿಯ ಮೇಲೆ ಕೈಯಿಟ್ಟು ಕೂರಿಸಿದಳು. ಇಳಿಯಬೇಡ, ನೆಲ ಮುಟ್ಟಬೇಡ ಎಂದಳು. ಬಾಗಿಲ ಬಳಿ ನಿಂತೇ ಸೊಸೆಯ ಕೆನ್ನೆ ಸವರಿದಳು, ಊದಿದ ಪಾದ ಒತ್ತಿ ನೋಡಿದಳು, ಹೊಟ್ಟೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಡಬ್ಬಿಯಲ್ಲಿ ತಂದಿದ್ದ ಮೊಸರನ್ನವನ್ನು ಅಲ್ಲೇ ತಿನ್ನಿಸಿದಳು. ಚಿನ್ನಕ್ಕನ ಎರಡು ನಿಮಿಷ ಯಾವಾಗಲೋ ಮುಗಿದಿತ್ತು. ಇನ್ನು ಬರ್ತೀವ್ರಿ ಅಕ್ಕಾ ಎಂದು ಅವಳು ಬಾಗಿಲಿಗೆ ಕೈ ಹಾಕಿದಳು.

ಬಸಲಿಂಗಮ್ಮ ಬಾಗಿಲು ಮುಚ್ಚಲು ಬಿಡಲಿಲ್ಲ. ಡಬ್ಬಿಯನ್ನು ಒಳಗಿಟ್ಟು, ಸೀರೆ ಎತ್ತಿಕಟ್ಟಿ, ಜೀಪು ಹತ್ತಿ ಸೊಸೆಯ ಇನ್ನೊಂದು ಮಗ್ಗುಲಲ್ಲಿ ಕೂತೇಬಿಟ್ಟಳು. ನಡಿಯಪ್ಪ ಎಂದು ರಾಮಾಂಜಿನೇಯನಿಗೆ ತಾನೇ ಅಪ್ಪಣೆ ಕೊಟ್ಟಳು. ಅವನು ಕನ್ನಡಿಯಲ್ಲಿ ಚಿನ್ನಕ್ಕನ ಮುಖ ನೋಡಿದ. ಚೊಚ್ಚಲ ಬಾಣಂತನ ಹೆತ್ತವಳ ಹಕ್ಕು, ಅಲ್ಲಿ ಬೀಗತಿ ಬಂದು ಠಿಕಾಣಿ ಹೂಡುವುದನ್ನು ಯಾರು ಕಂಡಿದ್ದಾರೆ? ಇರುವ ಎರಡು ಕೋಣೆಯಲ್ಲಿ ಈಕೆಯನ್ನು ಎಲ್ಲಿ ಮಲಗಿಸುವುದು? ಬೆಳಗಿನಿಂದ ಬಿಗಿಹಿಡಿದಿದ್ದ ಸಿಟ್ಟು ನಾಲಿಗೆಯ ತುದಿಗೆ ಬಂತು. ಆದರೂ ಮಗಳ ಕಡೆ ನೋಡಿ ತಡೆದುಕೊಂಡಳು. ಮೊಸರನ್ನ ತಿಂದ ಸಾಯಿಲಕ್ಷ್ಮಿಗೆ ಜೀಪು ಹೊರಡುತ್ತಿದ್ದಂತೆ ಮತ್ತೆ ಜೊಂಪು ಹತ್ತಿತ್ತು.

"ಶಾಸ್ತ್ರ ಎಲ್ಲ ನೀವು ಹೇಳಿದಂಗೇ ಮಾಡೇವಲ್ರಿ ಅಕ್ಕಾ," ಎಂದಳು ತಗ್ಗಿದ ದನಿಯಲ್ಲಿ. "ಇನ್ನೂ ಯಾಕ ನಂಬಿಕಿಲ್ಲ?"

"ಗಂಟಿಗೆ ಶಾಸ್ತ್ರ ಐತೆ ಚಿನ್ನಕ್ಕ. ಹೊಟ್ಟೆಗೆ ಯಾವ ಶಾಸ್ತ್ರನೂ ಇಲ್ಲ."

ಆಮೇಲೆ ಬಸಲಿಂಗಮ್ಮ ರಸ್ತೆಯನ್ನೇ ನೋಡುತ್ತ, ಯಾರದೋ ಸುದ್ದಿ ಹೇಳುವಂತೆ ಹೇಳಿದಳು. ಗುರುಪ್ರಕಾಶನಿಗೆ ಮುಂಚೆ ತನಗೊಂದು ಬಸಿರು ನಿಂತಿತ್ತು. ಒಂಬತ್ತರಲ್ಲಿ ಕಡಲೆಕಾಯಿ ಸುಗ್ಗಿ, ಬರಲು ಬಿಡುವಾಗುವುದಿಲ್ಲ ಎಂದು ಅಪ್ಪ ಎಂಟರಲ್ಲೇ ಕರೆದೊಯ್ಯಲು ಬಂದ. ಬಸ್ಸು ಸಿಗದೆ ಮೂಟೆ ತುಂಬಿದ ಲಾರಿಯಲ್ಲಿ ಕೂರಿಸಿಕೊಂಡ. ಹತ್ತಿರದ ದಾರಿ, ಒಂದು ತಾಸೂ ಆಗುವುದಿಲ್ಲ ಎಂದಿದ್ದ. ಅರ್ಧ ದಾರಿಯಲ್ಲಿ ನೋವು ಬಂತು. ಲಾರಿ ನಿಲ್ಲಿಸಿ, ಬೇಲಿಯ ಮರೆಯಲ್ಲಿ, ಗುರುತಿಲ್ಲದ ಕೂಲಿ ಹೆಂಗಸೊಬ್ಬಳು ಹೆರಿಗೆ ಮಾಡಿಸಿದಳು.

"ಹೆಣ್ಣು ಮಗ. ಅಳ್ಲೇ ಇಲ್ಲ ಅದು," ಎಂದಳು. ಸೊಸೆ ನಿದ್ದೆಯಲ್ಲಿದ್ದಾಳೆಂದು ನೋಡಿಕೊಂಡು, "ನಮ್ಮ ಗುರುಗೂ ಗೊತ್ತಿಲ್ಲ. ನೀನೂ ಹೇಳ್ಬ್ಯಾಡ."

ಚಿನ್ನಕ್ಕ ಬೀಗತಿಯ ಮುಖವನ್ನು ಆಗ ನೋಡಿದಳು. ಅಂದು ಯಾಕೆ ಯಾಕೆ ಎಂದು ಕೆದಕಿ ಕೇಳಿದಾಗ ಈಕೆ ಗೋಡೆಯ ಕಡೆ ತಿರುಗಿದ್ದು ಏಕೆಂದು ಈಗ ತಿಳಿಯಿತು. ಹಟವೆಂದು ತಾನು ಉರಿದುಬಿದ್ದದ್ದು ನೆನೆದು ಅವಳಿಗೆ ನಾಚಿಕೆಯಾಯಿತು. ಬಸಲಿಂಗಮ್ಮ ಒಂದು ಕೈಯನ್ನು ಸೊಸೆಯ ಬೆನ್ನಿಗೆ ಆಸರೆ ಕೊಟ್ಟು, ಇನ್ನೊಂದನ್ನು ಹೊಟ್ಟೆಯ ಕೆಳಗೆ ಒಡ್ಡಿ ಹಿಡಿದು ಕೂತಿದ್ದಳು. ರಾಯದುರ್ಗದವರೆಗೂ ಹಾಗೆಯೇ ಹಿಡಿದು ಕೂರುವವಳು ಅವಳು. ಚಿನ್ನಕ್ಕ ತನ್ನ ಕೈಯನ್ನೂ ಆ ಕೈಯ ಪಕ್ಕಕ್ಕೆ ಒಡ್ಡಿದಳು. ಆಮೇಲೆ ಮುಂದಕ್ಕೆ ಬಾಗಿದಳು.

"ರಾಮಾಂಜೀ, ಮೆಲ್ಲಕ ಹೋಗಪ್ಪ."

ಬೆಳಗಿನಿಂದ ಬೇಗ ಬೇಗ ಎಂಬ ಮಾತನ್ನು ಬಿಟ್ಟು ಬೇರೆ ಕೇಳದ ರಾಮಾಂಜಿನೇಯ ತಾನು ಕೇಳಿದ್ದು ಸರಿಯೇ ಎಂದು ಹಿಂತಿರುಗಿ ನೋಡಿದ. ಮೆಲ್ಲಗೆ ಹೋದರೆ ಕಲ್ಯಾಣದುರ್ಗಕ್ಕೇ ಕತ್ತಲಾಗುತ್ತದೆ, ಮನೆ ಮುಟ್ಟುವುದು ಎಷ್ಟು ಹೊತ್ತಾಗುತ್ತದೋ ಹೇಳಲಾಗದು ಎಂದ.

"ಆಗ್ಲಿ," ಎಂದಳು ಚಿನ್ನಕ್ಕ.

ಮುಂದೆ ಒಂದು ಹಂಪು ಬಂತು. ರಾಮಾಂಜಿನೇಯ ಜೀಪನ್ನು ಹೆಚ್ಚುಕಡಿಮೆ ನಿಲ್ಲಿಸಿಯೇ ಅದನ್ನು ದಾಟಿಸಿದ. ಸಾಯಿಲಕ್ಷ್ಮಿಗೆ ಎಚ್ಚರವಾಗಲಿಲ್ಲ.